ಗುಜರಿ ಅಂಗಳದಲ್ಲೊಂದು ಕಾಲಯಂತ್ರ

ಬ್ರಯನ್ ಹಾಜ್‌ಸನ್ ಎಂಬ ತರುಣ 1963ರಲ್ಲಿ ತನ್ನ ಅಮ್ಮನ ಮನೆಯ ಬೀಗದಕೈ ಹಿಡಿದು ಹಳೇ ಪಿಯಾನೋ ಒಂದರ ದಪ್ಪ ತಂತಿಗಳ ಮೇಲೆ ಕರಕರನೆ ಎಳೆದ. ಆ ಸದ್ದನ್ನು ಟೇಪಿನಲ್ಲಿ ಹಿಡಿದು, ಹಿಂದುಮುಂದಾಗಿ ಓಡಿಸಿ, ಅದರ ಮಾರ್ದನಿಯನ್ನು ಅದರ ಮೇಲೇ ಹೇರುತ್ತಾ ಹೋದ. ಕಾಲವನ್ನು ಸೀಳಿಕೊಂಡು ಹೊರಡುವ ಯಂತ್ರಕ್ಕೆ ದನಿ ಬಂದದ್ದು ಹೀಗೆ. ಒಂದು ಬೀಗದಕೈಯಿಂದ! ಏದುಸಿರು ಬಿಡುತ್ತಾ, ನರಳುತ್ತಾ, ಇನ್ನೇನು ನಿಂತೇ ಹೋಯಿತು ಅನ್ನುವಷ್ಟರಲ್ಲಿ ಮತ್ತೆ ದಮ್ಮು ಕಟ್ಟಿ ಏಳುವ ಆ ಸದ್ದನ್ನು ಅರವತ್ತು ವರ್ಷ ದಾಟಿದರೂ ಯಾರೂ ಕೈಬಿಟ್ಟಿಲ್ಲ. ನಾಯಕನ ಪಾತ್ರಧಾರಿಗಳು ಬದಲಾದರು, ಕಪ್ಪುಬಿಳುಪು ಹೋಗಿ ಬಣ್ಣ ಬಂತು, ಕಂಪ್ಯೂಟರ್ ಚಳಕ ಬಂತು. ಯಂತ್ರ ಹೊರಟಾಗ ಕೇಳುವುದು ಮಾತ್ರ ಆ ಬೀಗದಕೈಯದೇ ಗೊರಗೊರ.

ಆ ಯಂತ್ರ ಬಿಬಿಸಿಯ ‘ಡಾಕ್ಟರ್ ಹೂ’ ಸರಣಿಯದು. ಸರಣಿಯ ಮೊತ್ತಮೊದಲ ಕಥೆ ‘ಆ್ಯನ್ ಅನ್‌ಅರ್ಥ್ಲಿ ಚೈಲ್ಡ್’. ತಲಾ ಇಪ್ಪತ್ತೈದು ನಿಮಿಷದ ನಾಲ್ಕು ಕಂತು. ಅದನ್ನು ಈಚೆಗೆ ಡಿವಿಡಿ ಹಾಕಿಕೊಂಡು ಮತ್ತೆ ನೋಡಿದೆ. ಅಂದಿನಿಂದ ಸಿಕ್ಕಸಿಕ್ಕವರನ್ನೆಲ್ಲ ಹಿಡಿದು ನಿಲ್ಲಿಸಿ ಇದನ್ನೇ ಹೇಳುತ್ತಿದ್ದೇನೆ; ಮನೆಯವರು ಬೇಸತ್ತಿದ್ದಾರೆ, ಈಗ ಓದುಗರ ಸರದಿ.

ಮೊದಲ ಅರ್ಧ ನಿಮಿಷವನ್ನೇ ನೋಡಿ. ಕತ್ತಲೆಯಲ್ಲಿ ಬೆಳಕಿನ ಒಂದು ಗೆರೆ ಏಳುತ್ತದೆ, ಸೀಳುತ್ತದೆ, ಮೋಡದ ಹಾಗೆ ಉಕ್ಕಿ ನಮ್ಮ ಮುಖದ ಮೇಲೇ ಬರುತ್ತದೆ. ಹೊಗೆಯಲ್ಲ, ನೀರಲ್ಲ, ಚಿತ್ರಕಾರ ಬರೆದದ್ದೂ ಅಲ್ಲ. ಟೀವಿ ಕ್ಯಾಮೆರಾವನ್ನು ಅದೇ ಕ್ಯಾಮೆರಾದ ಚಿತ್ರ ತೋರಿಸುತ್ತಿರುವ ಪರದೆಯ ಕಡೆಗೇ ತಿರುಗಿಸಿದ್ದಾರೆ! ಕ್ಯಾಮೆರಾ ಕಂಡದ್ದು ಪರದೆಗೆ, ಪರದೆಯಲ್ಲಿದ್ದದ್ದು ಮತ್ತೆ ಕ್ಯಾಮೆರಾಕ್ಕೆ. ಕ್ಷೌರದಂಗಡಿಯಲ್ಲಿ ಎದುರುಬದುರು ಕನ್ನಡಿಗಳ ನಡುವೆ ಕೂತಾಗ ನಮ್ಮ ತಲೆಗಳು ಸಾಲುಗಟ್ಟಿ ಒಳಕ್ಕೆ ಹೋಗುತ್ತವಲ್ಲ, ಆ ಸಾಲಿಗೆ ಹುಚ್ಚು ಹಿಡಿದರೆ ಹೇಗಿರುತ್ತದೆಯೋ ಹಾಗೆ. ಸ್ಟುಡಿಯೋದವರಿಗೆ ಇದು ತಲೆನೋವಿನ ದೋಷವಾಗಿ ಗೊತ್ತಿದ್ದ ಸಂಗತಿ. ಬರ್ನಾರ್ಡ್ ಲಾಜ್ ಎಂಬ ಶೀರ್ಷಿಕೆ ವಿನ್ಯಾಸಕಾರ ಅದನ್ನೇ ಆರಿಸಿಕೊಂಡು, ಧಾರಾವಾಹಿಯ ಹೆಸರಿನ ಅಕ್ಷರಗಳನ್ನು ಆ ಸುಳಿಯೊಳಗೆ ತೇಲಿಬಿಟ್ಟ. ಟೀವಿ ತನ್ನನ್ನು ತಾನೇ ದಿಟ್ಟಿಸಿ ನೋಡಿಕೊಂಡಾಗ ಹುಟ್ಟಿದ ಚಿತ್ರ ಅದು. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಂಡಿರಿ, ಮುಂದೆ ಬೇಕಾಗುತ್ತದೆ.

ಮತ್ತೆ ಸಂಗೀತ! ಸ್ವರಸಂಯೋಜನೆ ಆಸ್ಟ್ರೇಲಿಯಾದಿಂದ ಬಂದ ರಾನ್ ಗ್ರೇನರ್‌ನದು. ಆತ ಕೊಟ್ಟದ್ದು ಕಾಗದದ ಮೇಲೆ ನಾಲ್ಕು ಸಾಲು. ಅದನ್ನು ಜೀವಂತ ಮಾಡಿದವಳು ಡೀಲಿಯಾ ಡರ್ಬಿಶೈರ್, ಕೇಂಬ್ರಿಜ್‌ನಲ್ಲಿ ಗಣಿತ ಮತ್ತು ಸಂಗೀತ ಓದಿದ ಹೆಣ್ಣುಮಗಳು. ‘ನಮ್ಮ ಸ್ಟುಡಿಯೋದಲ್ಲಿ ಹೆಂಗಸರನ್ನು ತಗೊಳ್ಳುವುದಿಲ್ಲ’ ಎಂದು ದೊಡ್ಡ ರೆಕಾರ್ಡಿಂಗ್ ಕಂಪನಿಯೊಂದು ಅವಳನ್ನು ವಾಪಸು ಕಳಿಸಿತ್ತು. ಬಿಬಿಸಿಯ ರೇಡಿಯೋಫೋನಿಕ್ ವರ್ಕ್‌ಶಾಪ್‌ನಲ್ಲಿ ಅವಳ ಮುಂದೆ ಸಿಂಥಸೈಜರ್ ಇರಲಿಲ್ಲ, ಕೀಬೋರ್ಡ್ ಇರಲಿಲ್ಲ. ಮೀಟಿದ ಒಂದು ತಂತಿಯ ಸದ್ದು, ಯಂತ್ರಗಳನ್ನು ಪರೀಕ್ಷಿಸಲು ಇಟ್ಟಿದ್ದ ಆಸಿಲೇಟರಿನ ಕೂಗು, ಸೋಸಿದ ‘ಶ್ಶ್’ ಎನ್ನುವ ಗದ್ದಲ, ಇಷ್ಟೇ ಸಾಮಾನು. ಒಂದೊಂದು ಸ್ವರಕ್ಕೂ ಟೇಪಿನ ವೇಗ ಬದಲಿಸಿ ಬೇಕಾದ ಶ್ರುತಿಗೆ ತಂದು, ಎಷ್ಟು ಮಾತ್ರೆಯೋ ಅಷ್ಟು ಇಂಚು ಅಳೆದು, ಬ್ಲೇಡಿನಿಂದ ಕತ್ತರಿಸಿ, ಒಂದಕ್ಕೊಂದು ಅಂಟಿಸಿ ಮಾಡಿದ್ದು. ಅಂದರೆ ಆ ಇಡೀ ರಾಗವನ್ನು ಯಾರೂ ಎಂದೂ ನುಡಿಸಿಯೇ ಇಲ್ಲ! ಬೇರೆ ಬೇರೆ ಟೇಪುಗಳನ್ನು ಬೇರೆ ಬೇರೆ ಯಂತ್ರಗಳಿಗೆ ಹಾಕಿ ಒಟ್ಟಿಗೆ ಗುಂಡಿ ಒತ್ತಿ ಕೂಡಿಸಿದ್ದು. ಎಲ್ಲೋ ಒಂದು ಸ್ವರ ಅಡ್ಡಾದಿಡ್ಡಿ ಕೇಳಿದರೆ ಟೇಪುಗಳನ್ನು ಉದ್ದಕ್ಕೆ ಬಿಚ್ಚಿಟ್ಟು ಯಾವ ಅಂಟು ತಪ್ಪಿದೆ ಎಂದು ಹುಡುಕಬೇಕು. ಕೇಳಿದ ಗ್ರೇನರ್ ಬೆರಗಾಗಿ ‘ಇದನ್ನು ಬರೆದದ್ದು ನಾನೇ ಏನಮ್ಮ?’ ಎನ್ನುವಂತೆ ಕೇಳಿದನಂತೆ. ‘ಬಹುಪಾಲು ನೀವೇ’ ಎಂದಳಂತೆ ಅವಳು. ಸಂಭಾವನೆಯಲ್ಲಿ, ಹೆಸರಿನಲ್ಲಿ ಅವಳಿಗೆ ಪಾಲು ಕೊಡಲು ಅವನು ಸಿದ್ಧನಿದ್ದ. ಸಂಸ್ಥೆಯ ನಿಯಮ ಒಪ್ಪಲಿಲ್ಲ. ಪರದೆಯ ಮೇಲೆ ಆ ರಾಗದ ಜೊತೆ ಅವಳ ಹೆಸರು ಬಂದದ್ದು 2013ರಲ್ಲಿ, ಅವಳು ತೀರಿಕೊಂಡು ಹನ್ನೆರಡು ವರ್ಷದ ಮೇಲೆ.

ಕಥೆಯೊಳಗೆ ಇನ್ನೂ ಕಾಲೇ ಇಟ್ಟಿಲ್ಲ ನೋಡಿ ನಾವು!

ಮಂಜು ಕವಿದ ರಾತ್ರಿ. ಟಾರ್ಚು ಹಿಡಿದ ಪೊಲೀಸಿನವನೊಬ್ಬ ಬೀಟು ತಿರುಗುತ್ತಾ ಒಂದು ಮರದ ಗೇಟಿಗೆ ಬೆಳಕು ಬಿಡುತ್ತಾನೆ. ‘ಐ. ಎಂ. ಫೋರ್‌ಮನ್, ಗುಜರಿ ವ್ಯಾಪಾರಿ’ ಎಂಬ ಬೋರ್ಡು. ಅವನು ಮುಂದೆ ಹೋಗುತ್ತಾನೆ, ಗೇಟು ತಂತಾನೇ ತೆರೆದುಕೊಳ್ಳುತ್ತದೆ, ಕ್ಯಾಮೆರಾ ಕಳ್ಳಹೆಜ್ಜೆಯಲ್ಲಿ ಒಳಗೆ ಹೋಗುತ್ತದೆ. ಮುರುಕಲು ಸಾಮಾನುಗಳ ನಡುವೆ ಪೊಲೀಸರ ಟೆಲಿಫೋನ್ ಪೆಟ್ಟಿಗೆಯೊಂದು ನಿಂತಿದೆ. ಆಗಿನ ಲಂಡನ್ನಿನ ಬೀದಿಗಳಲ್ಲಿ ಮೂಲೆಗೊಂದು ಕಾಣುತ್ತಿದ್ದ ವಸ್ತು. ಒಳಗೆ ಠಾಣೆಗೆ ಫೋನು. ಇದು ಮಾತ್ರ ಗುಂಯ್ಗುಡುತ್ತಿದೆ. ಶೀರ್ಷಿಕೆಯ ಸಂಗೀತ ಇನ್ನೂ ಮುಗಿದಿಲ್ಲ, ಅದು ಈ ದೃಶ್ಯದ ಮೇಲೂ ಹರಿದು ಬರುತ್ತಿದೆ. ಒಂದು ಮಾತಿಲ್ಲ. ಆದರೂ ಈ ಅಂಗಳದಲ್ಲಿ ಏನೋ ನೆಟ್ಟಗಿಲ್ಲ ಎಂದು ನೋಡುವವನಿಗೆ ಗೊತ್ತಾಗಿಹೋಗುತ್ತದೆ.

ಅಲ್ಲಿಂದ ನೇರ ಶಾಲೆಗೆ. ಕೋಲ್ ಹಿಲ್ ಶಾಲೆ, ಸಂಜೆಯ ಗಂಟೆ. ಇತಿಹಾಸದ ಮೇಡಂ ಬಾರ್ಬರಾ ಮತ್ತು ವಿಜ್ಞಾನದ ಮೇಷ್ಟ್ರು ಇಯಾನ್ ತಲೆ ಕೆರೆದುಕೊಳ್ಳುತ್ತಿದ್ದಾರೆ. ಸೂಸನ್ ಎಂಬ ಹದಿನೈದರ ಹುಡುಗಿಯದು ಅವರಿಗೆ ಬಿಡಿಸಲಾಗದ ಒಗಟು. ಅವಳಿಗೆ ಏನೂ ಗೊತ್ತಿಲ್ಲ, ಎಲ್ಲವೂ ಗೊತ್ತು. ಫ್ರೆಂಚ್ ಕ್ರಾಂತಿಯ ಪುಸ್ತಕ ಕೊಟ್ಟರೆ ಒಂದು ಪುಟ ತಿರುವಿ ‘ಇದು ಹೀಗಾಗಲಿಲ್ಲವಲ್ಲ’ ಎಂದು ತನ್ನಷ್ಟಕ್ಕೇ ಗೊಣಗುತ್ತಾಳೆ. ಮೂರು ಆಯಾಮಗಳಲ್ಲಿ ಬಿಡಿಸಿ ಎಂದು ಲೆಕ್ಕ ಕೊಟ್ಟರೆ, ನಾಲ್ಕನೆಯದಾದ ಕಾಲ, ಐದನೆಯದಾದ ಆಕಾಶ ಸೇರಿಸದೆ ಇದನ್ನು ಬಿಡಿಸುವುದಾದರೂ ಹೇಗೆ ಎಂದು ಅಳುಮೋರೆ ಮಾಡುತ್ತಾಳೆ. ಆದರೆ ಒಂದು ಪೌಂಡಿಗೆ ಎಷ್ಟು ಶಿಲ್ಲಿಂಗ್ ಎಂದರೆ ತಬ್ಬಿಬ್ಬು! ನೀವು ದಶಮಾಂಶ ಪದ್ಧತಿಯಲ್ಲಿ ಇದ್ದೀರೆಂದುಕೊಂಡಿದ್ದೆ ಎನ್ನುತ್ತಾಳೆ. ಕ್ಲಾಸು ಗೊಳ್ಳೆಂದು ನಗುತ್ತದೆ. ಓ, ಅದಿನ್ನೂ ಶುರುವಾಗಿಲ್ಲ ಅಲ್ಲವೆ ಎಂದು ನಾಲಿಗೆ ಕಚ್ಚಿಕೊಳ್ಳುತ್ತಾಳೆ.

ಇಲ್ಲಿ ನಾನು ಡಿವಿಡಿ ನಿಲ್ಲಿಸಿ ಎದ್ದು ಓಡಾಡಿದೆ. ಯಾಕೆ ಗೊತ್ತೆ? ಈ ದೃಶ್ಯ ಪ್ರಸಾರವಾದದ್ದು 1963ರ ನವೆಂಬರಿನಲ್ಲಿ. ಪೌಂಡಿಗೆ ಇಪ್ಪತ್ತು ಶಿಲ್ಲಿಂಗ್, ಶಿಲ್ಲಿಂಗಿಗೆ ಹನ್ನೆರಡು ಪೆನ್ನಿ ಎಂಬ ಗೋಜಲನ್ನು ಬ್ರಿಟನ್ ಕೈಬಿಟ್ಟು ಪೌಂಡಿಗೆ ನೂರು ಪೆನ್ನಿ ಮಾಡಿದ್ದು 1971ರ ಫೆಬ್ರವರಿ 15ರಂದು. ಸರ್ಕಾರ ಆ ತೀರ್ಮಾನವನ್ನು ಘೋಷಿಸಿದ್ದೇ 1966ರಲ್ಲಿ. ಕಥೆ ಬರೆದ ಆಂಥನಿ ಕೋಬರ್ನ್ ಸುಮ್ಮನೆ ಒಂದು ತಮಾಷೆ ಹೊಸೆದ. ಏಳು ವರ್ಷ ಕಳೆದು ಅದು ಹದಿನಾರಾಣೆ ನಿಜವಾಯಿತು. ಇನ್ನೂ ಸ್ವಾರಸ್ಯವೆಂದರೆ ಭಾರತ 1957ರ ಏಪ್ರಿಲ್ ಒಂದರಂದೇ ಆಣೆ-ಕಾಸುಗಳಿಗೆ ವಿದಾಯ ಹೇಳಿ ನಯಾಪೈಸೆಗೆ ಬಂದಾಗಿತ್ತು. ಲಂಡನ್ನಿನ ಕ್ಲಾಸು ಸೂಸನ್ನಳನ್ನು ಕಂಡು ನಗುತ್ತಿದ್ದ ದಿನ ನಮ್ಮ ಮೈಸೂರು ರಾಜ್ಯದ ಪ್ರೈಮರಿ ಹುಡುಗರು ರೂಪಾಯಿಗೆ ನೂರು ಎಂದು ಲೆಕ್ಕ ಮಾಡುತ್ತಿದ್ದರು. ಈ ಒಂದು ಲೆಕ್ಕದಲ್ಲಾದರೂ ಭವಿಷ್ಯದಿಂದ ಬಂದವಳಿಗೆ ನಮ್ಮ ಶಾಲೆಯೇ ಹೆಚ್ಚು ಹೊಂದುತ್ತಿತ್ತು!

ಮೇಷ್ಟ್ರಿಬ್ಬರೂ ಅವಳ ಮನೆ ಹುಡುಕಿ ಹೊರಡುತ್ತಾರೆ. ವಿಳಾಸ, 76, ಟಾಟರ್ಸ್ ಲೇನ್. ಮನೆಯಿಲ್ಲ, ಗುಜರಿ ಅಂಗಳ. ಕೆಮ್ಮುತ್ತಾ ಒಬ್ಬ ಮುದುಕ ಬರುತ್ತಾನೆ. ಬಿಳಿ ಕೂದಲು, ಕೊರಳಿಗೆ ಸುತ್ತಿದ ಸ್ಕಾರ್ಫು, ಕೆಟ್ಟ ಸಿಡುಕು. ಇವನೇ ಡಾಕ್ಟರ್. ಪಾತ್ರ ವಹಿಸಿದ ವಿಲಿಯಂ ಹಾರ್ಟ್‌ನೆಲ್‌ಗೆ ಆಗ 55 ವರ್ಷ. ಸಿನಿಮಾಗಳಲ್ಲಿ ಗದರುವ ಸಾರ್ಜೆಂಟನ ಪಾತ್ರ ಮಾಡಿ ಮಾಡಿ ಬೇಸತ್ತಿದ್ದ ನಟ. ಮುಂದೆ ಬಂದ ಡಾಕ್ಟರುಗಳೆಲ್ಲ ಲೋಕೋದ್ಧಾರಕರು. ಈ ಮೊದಲನೆಯವನನ್ನು ನಂಬುವ ಹಾಗೇ ಇಲ್ಲ. ಕಣ್ಣು ತಪ್ಪಿಸುತ್ತಾನೆ, ಕೇಳಿದ್ದಕ್ಕೆ ಉತ್ತರ ಕೊಡದೆ ಗುಜರಿಯಲ್ಲಿ ಸಿಕ್ಕ ಹಳೇ ಚಿತ್ರದ ಚೌಕಟ್ಟನ್ನು ಎತ್ತಿ ಧೂಳು ನೋಡುತ್ತಾ ನಿಲ್ಲುತ್ತಾನೆ. ಪೆಟ್ಟಿಗೆಯೊಳಗಿಂದ ಸೂಸನ್ನಳ ದನಿ ಕೇಳುತ್ತದೆ. ಹುಡುಗಿಯನ್ನು ಕೂಡಿಹಾಕಿದ್ದಾನೆಂದೇ ತಿಳಿದ ಬಾರ್ಬರಾ ಅವನನ್ನು ತಳ್ಳಿಕೊಂಡು ಒಳಗೆ ನುಗ್ಗುತ್ತಾಳೆ.

ಆಮೇಲಿನದು ಒಂದೇ ಒಂದು ಕಟ್. ಕತ್ತಲ ಅಂಗಳದಿಂದ ಥಟ್ಟನೆ ಕಣ್ಣು ಕುಕ್ಕುವ ಬೆಳಕಿನ ಹಜಾರ! ಗೋಡೆಯ ತುಂಬ ದುಂಡನೆ ವೃತ್ತಗಳು, ನಡುವೆ ಆರು ಮೂಲೆಯ ಗುಂಡಿ-ಸನ್ನೆಗಳ ಮೇಜು, ಅದರ ಎದೆಯಲ್ಲಿ ಏರಿಳಿಯುವ ಗಾಜಿನ ಕಂಬ. ಪಕ್ಕದಲ್ಲೊಂದು ಹಳೇ ಕುರ್ಚಿ, ಗಡಿಯಾರ. ವಿನ್ಯಾಸ ಪೀಟರ್ ಬ್ರಚಾಕಿಯದು. ಹೊರಗಿನಿಂದ ಇಬ್ಬರು ನಿಂತರೆ ಉಸಿರುಗಟ್ಟುವ ಪೆಟ್ಟಿಗೆ, ಒಳಗೆ ಛತ್ರದಷ್ಟು ಜಾಗ. ಇಂದು ಇದು ಎಲ್ಲರಿಗೂ ಗೊತ್ತಿರುವ ಹಳಸಲು ಸಂಗತಿ. ಆ ಸಂಜೆ ಟೀವಿ ಮುಂದೆ ಕೂತಿದ್ದ ಒಬ್ಬರಿಗೂ ಅದು ಗೊತ್ತಿರಲಿಲ್ಲ. ಆ ಅಜ್ಞಾನ ಎಷ್ಟು ದೊಡ್ಡ ಭಾಗ್ಯ! ಇಯಾನ್ ಪಾಪ, ನಾನು ಸುತ್ತಲೂ ನಡೆದು ನೋಡಿದೆ, ಬರೀ ಪೆಟ್ಟಿಗೆ ಎಂದು ಮತ್ತೆ ಮತ್ತೆ ಬಡಬಡಿಸುತ್ತಾನೆ.

ಅದಕ್ಕೆ ಡಾಕ್ಟರ್ ಕೊಡುವ ಉತ್ತರವಿದೆಯಲ್ಲ, ನಾನು ಮೇಲೆ ನೆನಪಿಟ್ಟುಕೊಳ್ಳಿ ಎಂದದ್ದು ಅದಕ್ಕಾಗಿ. ನೀವು ಟೆಲಿವಿಷನ್ ಕಂಡುಹಿಡಿದಿದ್ದೀರಿ ತಾನೆ ಎಂದು ಕೇಳುತ್ತಾನೆ ಮುದುಕ. ಭಾರಿ ಕಟ್ಟಡವೊಂದನ್ನು ನಿಮ್ಮ ಪುಟ್ಟ ಕೋಣೆಯಲ್ಲಿ ಹಿಡಿಸಲು ಆಗುವುದಿಲ್ಲ ಎನ್ನುತ್ತೀರಿ; ಆದರೆ ಟೀವಿಯ ಪರದೆಯಲ್ಲಿ ಅದನ್ನು ತೋರಿಸಿದರೆ ಆಗದ್ದು ಆದಂತಲ್ಲವೆ? ಇಷ್ಟೇ ಅವನ ವಿವರಣೆ. ವಿಜ್ಞಾನದ ದೃಷ್ಟಿಯಿಂದ ಅದು ಶುದ್ಧ ಉಡಾಫೆ. ಆದರೆ ಯೋಚಿಸಿ ನೋಡಿ: ಮರದ ಪೆಟ್ಟಿಗೆಯಲ್ಲಿ ಜಗತ್ತು ಹಿಡಿಸುತ್ತದೆ ಎಂದು ಹೇಳುತ್ತಿರುವ ಮನುಷ್ಯ, ಅದನ್ನು ಕೇಳುತ್ತಿರುವವರ ನಡುಮನೆಯ ಮರದ ಪೆಟ್ಟಿಗೆಯೊಂದರ ಒಳಗೇ ನಿಂತು ಹೇಳುತ್ತಿದ್ದಾನೆ! ಶುರುವಿನಲ್ಲಿ ಕ್ಯಾಮೆರಾ ತನ್ನ ಪರದೆಯನ್ನೇ ನೋಡಿಕೊಂಡಿತ್ತು. ಈಗ ಕಥೆಯೂ ಅದನ್ನೇ ಮಾಡುತ್ತಿದೆ. ಕಾಲಯಂತ್ರ ಹೇಗಿರುತ್ತದೆ ಎಂದು ಕೇಳಿದ ಮಕ್ಕಳಿಗೆ, ನೀವು ಈಗ ನೋಡುತ್ತಿದ್ದೀರಲ್ಲ, ಇದೇ ಎಂದು ಹೇಳಿದ ಹಾಗೆ. ಎಚ್. ಜಿ. ವೆಲ್ಸ್ ತನ್ನ ಕಾಲಯಂತ್ರಕ್ಕೆ ಹಿತ್ತಾಳೆ, ದಂತ, ಸ್ಫಟಿಕ ಹುಡುಕಿಕೊಂಡು ಹೋಗಬೇಕಾಯಿತು. ಇವರಿಗೆ ಕೈಗೆ ಸಿಕ್ಕ ಪೆಟ್ಟಿಗೆಯೇ ಸಾಕಾಯಿತು.

ಕೈಗೆ ಸಿಕ್ಕದ್ದು ಎಂದೆ, ಅದೂ ಉತ್ಪ್ರೇಕ್ಷೆಯಲ್ಲ. ಒಂದು ಕಂತಿಗೆ ಸಿಗುತ್ತಿದ್ದದ್ದು ಎರಡು ಸಾವಿರ ಚಿಲ್ಲರೆ ಪೌಂಡು. ಕಥೆಯ ಪ್ರಕಾರ ಯಂತ್ರ ತಾನು ಇಳಿದ ಜಾಗಕ್ಕೆ ತಕ್ಕಂತೆ ವೇಷ ಬದಲಿಸಬೇಕು. ಆದರೆ ಕಥೆಗೊಂದು ಹೊಸ ಯಂತ್ರ ಕಟ್ಟಿಸಲು ದುಡ್ಡೆಲ್ಲಿ? ಹಾಗಾಗಿ ಎರಡನೇ ಕಂತಿನಲ್ಲೇ ಯಂತ್ರ ಕೆಟ್ಟಿದೆ, ಪೆಟ್ಟಿಗೆಯಾಗಿಯೇ ಉಳಿದುಬಿಟ್ಟಿದೆ, ಛೆ, ಎಂದು ಡಾಕ್ಟರನ ಬಾಯಲ್ಲಿ ಹೇಳಿಸಿ ಕೈತೊಳೆದುಕೊಂಡರು. ಬಡತನದಿಂದ ಬಂದ ಆ ಒಂದು ಸಬೂಬು ಪೊಲೀಸ್ ಪೆಟ್ಟಿಗೆಯನ್ನು ಅಮರ ಮಾಡಿತು. ಲಂಡನ್ ಬೀದಿಗಳಲ್ಲಿ ಅಸಲಿ ಪೆಟ್ಟಿಗೆಗಳು ಬಹುಮಟ್ಟಿಗೆ ಮಾಯವಾಗಿವೆ. ಉಳಿದ ಒಂದೆರಡನ್ನು ಕಂಡ ಮಕ್ಕಳಿಗೆ ಪೊಲೀಸಿನ ನೆನಪಂತೂ ಬರಲಾರದು.

ಇದನ್ನೆಲ್ಲ ಮಾಡಿದ ಜನ ಯಾರು? ಅಲ್ಲೇ ಇನ್ನೊಂದು ಬೆರಗು ಕಾದಿತ್ತು. ಹೀಗೊಂದು ಧಾರಾವಾಹಿ ಬೇಕೆಂದು ಹಟ ಹಿಡಿದವನು ಸಿಡ್ನಿ ನ್ಯೂಮನ್, ಬಿಬಿಸಿಯ ನಾಟಕ ವಿಭಾಗಕ್ಕೆ ಆಗತಾನೆ ಮುಖ್ಯಸ್ಥನಾಗಿ ಬಂದಿದ್ದ ಕೆನಡಾದವನು. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್, ವಯಸ್ಸು 27. ಕೋಟು-ಟೈಗಳ ಆ ಕಚೇರಿಯಲ್ಲಿ ನಾಟಕ ನಿರ್ಮಾಪಕಿಯಾಗಿ ಕೂತ ಹುಡುಗಿ. ಕಥೆ ಬರೆದ ಕೋಬರ್ನ್ ಆಸ್ಟ್ರೇಲಿಯಾದವನು, ರಾಗ ಕಟ್ಟಿದ ಗ್ರೇನರ್ ಆಸ್ಟ್ರೇಲಿಯಾದವನು. ಇನ್ನು ನಿರ್ದೇಶಕ? ವಾರಿಸ್ ಹುಸೇನ್. ಹುಟ್ಟಿದ್ದು 1938ರಲ್ಲಿ, ಲಖನೌದಲ್ಲಿ!

ಹೌದು, ನಮ್ಮ ಲಖನೌ. ತಾಯಿ ಅತಿಯಾ ಹುಸೇನ್, ಅವಧದ ತಾಲೂಕ್ದಾರಿ ಮನೆತನದ ಹೆಣ್ಣುಮಗಳು, ದೇಶ ಒಡೆಯುವ ಹೊತ್ತಿಗೆ ಇಂಗ್ಲೆಂಡ್ ಸೇರಿ ಬಿಬಿಸಿಯ ಪ್ರಾಚ್ಯ ವಿಭಾಗದಲ್ಲಿ ದುಡಿದವರು. 1961ರಲ್ಲಿ ಬಂದ ‘ಸನ್‌ಲೈಟ್ ಆನ್ ಎ ಬ್ರೋಕನ್ ಕಾಲಮ್’ ಕಾದಂಬರಿಯ ಲೇಖಕಿ. ಭಾರತೀಯ ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಈ ಹೆಸರು ಹೊಸದಲ್ಲ. ಆ ಕಾದಂಬರಿಯ ಲೇಖಕಿಯ ಮಗನೇ ಡಾಕ್ಟರ್ ಹೂ ಧಾರಾವಾಹಿಯ ಮೊದಲ ದೃಶ್ಯ ತೆಗೆದವನು ಎಂಬುದನ್ನು ಎಷ್ಟು ಜನ ಜೋಡಿಸಿಕೊಂಡಿದ್ದಾರೋ! ಬ್ರಿಟಿಷರು ತಮ್ಮ ಅಪ್ಪಟ ಸ್ವಂತದ್ದೆಂದು ಎದೆಗಪ್ಪಿಕೊಂಡಿರುವ ಈ ಧಾರಾವಾಹಿಯ ತೊಟ್ಟಿಲು ತೂಗಿದವರಲ್ಲಿ ಹೊರಗಿನವರೇ ಹೆಚ್ಚು. ಲಂಡನ್ನಿನ ಶಾಲೆಯಲ್ಲಿ ಎಲ್ಲವನ್ನೂ ಬಲ್ಲ, ಪೌಂಡು-ಶಿಲ್ಲಿಂಗ್ ಮಾತ್ರ ಗೊತ್ತಿಲ್ಲದ ಪರದೇಶಿ ಹುಡುಗಿಯ ಮುಖದ ಮೇಲೆ ಕ್ಯಾಮೆರಾ ಅಷ್ಟು ಹೊತ್ತು, ಅಷ್ಟು ಹತ್ತಿರದಿಂದ ನಿಲ್ಲುವುದನ್ನು ನೋಡಿದಾಗ ನನಗೆ ಆ ನಿರ್ದೇಶಕನ ವಿಳಾಸ ನೆನಪಾಗದೆ ಇರಲಿಲ್ಲ. ಅವನ ಮನಸ್ಸಿನಲ್ಲಿ ಏನಿತ್ತೋ; ಇದು ನಾನು ಓದಿಕೊಂಡದ್ದು.

ಹುಸೇನರಿಗೆ ಸಿಕ್ಕ ಸ್ಟುಡಿಯೋ ಲೈಮ್ ಗ್ರೋವ್‌ನ ‘ಡಿ’. ಒಂದು ಕಾಲಕ್ಕೆ ಸಿನಿಮಾ ತೆಗೆಯುತ್ತಿದ್ದ ಕಟ್ಟಡವನ್ನು ಬಿಬಿಸಿ ಕೊಂಡುಕೊಂಡಿತ್ತು. ಇಕ್ಕಟ್ಟು, ಸೆಕೆ, ತೂಕದ ಹಳೇ ಕ್ಯಾಮೆರಾಗಳು. ದೀಪಗಳ ಕಾವಿಗೆ, ಬೆಂಕಿ ಬಿದ್ದಿತೆಂದೇ ತಿಳಿದು ಛಾವಣಿಯ ಕೊಳವೆಗಳು ನೀರು ಚಿಮ್ಮಿಬಿಡುತ್ತಿದ್ದವಂತೆ! ಟೇಪು ಕತ್ತರಿಸಿ ಜೋಡಿಸುವುದು ದುಬಾರಿಯಾದ್ದರಿಂದ ಇಡೀ ಕಂತನ್ನು ರಂಗದ ಮೇಲೆ ನಾಟಕ ಆಡಿದಂತೆ ಹೆಚ್ಚುಕಡಿಮೆ ಒಂದೇ ಓಟದಲ್ಲಿ ಆಡಬೇಕು. ಮಾತು ತಪ್ಪಿದರೆ ತಪ್ಪಿದ್ದೇ; ಹಾರ್ಟ್‌ನೆಲ್ ತೊದಲಿದ್ದೂ ಹಾಗೇ ಉಳಿದಿದೆ, ಮುದುಕನಿಗೆ ಅದು ಒಪ್ಪುತ್ತದೆ ಕೂಡ. ಮೊದಲ ಕಂತನ್ನು ಮೊದಲ ಸಲ ಸೆಪ್ಟೆಂಬರ್ 27ರಂದು ಚಿತ್ರೀಕರಿಸಿದರು. ಡಿವಿಡಿಯಲ್ಲಿ ಆ ಮೊದಲ ಯತ್ನವೂ ಇದೆ. ಯಂತ್ರದ ಬಾಗಿಲು ಮುಚ್ಚಿಕೊಳ್ಳಲು ಒಪ್ಪದೆ ದೃಶ್ಯದ ಉದ್ದಕ್ಕೂ ಪಟಪಟ ಬಡಿಯುತ್ತದೆ. ಡಾಕ್ಟರ್ ಇನ್ನೂ ಕಹಿ, ಸೂಸನ್ ತಾನು 49ನೇ ಶತಮಾನದಲ್ಲಿ ಹುಟ್ಟಿದವಳೆಂದು ನೇರವಾಗಿ ಹೇಳಿಬಿಡುತ್ತಾಳೆ. ನೋಡಿದ ನ್ಯೂಮನ್ ಲ್ಯಾಂಬರ್ಟ್, ಹುಸೇನ್ ಇಬ್ಬರು ಎಳೆಯರನ್ನೂ ಕರೆದು, ನಿಮ್ಮನ್ನು ಮನೆಗೆ ಕಳಿಸಬೇಕಿತ್ತು, ಹೋಗಲಿ, ಮತ್ತೊಮ್ಮೆ ಮಾಡಿ ಎಂದನಂತೆ. ಮತ್ತೊಮ್ಮೆ ಮಾಡಿದ್ದು ಅಕ್ಟೋಬರ್ 18ರಂದು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಕಥೆ ಹೇಳುವವರಿಗೆಲ್ಲ ಒಂದು ಪಾಠಶಾಲೆ. ಮಾತು ಹೆಚ್ಚೂಕಡಿಮೆ ಅವೇ. ಶತಮಾನದ ಸಂಖ್ಯೆ ಹೋಗಿ ಇನ್ನೊಂದು ಕಾಲ, ಇನ್ನೊಂದು ಲೋಕ ಎಂದಷ್ಟೇ ಆಗಿದೆ, ಮುದುಕನ ತುಟಿಯಂಚಿಗೆ ಒಂದಿಷ್ಟು ತುಂಟತನ ಬಂದಿದೆ. ಅಷ್ಟಕ್ಕೇ ಇಡೀ ಕಂತು ಉಸಿರಾಡತೊಡಗಿದೆ.

ಗುಟ್ಟು ಬಯಲಾಯಿತೆಂದು ಗಾಬರಿಬಿದ್ದ ಡಾಕ್ಟರ್ ಯಂತ್ರ ಹೊರಡಿಸಿಬಿಡುತ್ತಾನೆ. ಇದು ಅಪಹರಣವೇ, ಬೇರೆ ಹೆಸರಿಲ್ಲ. ಹೊರಡಿಸಲು ಬರುತ್ತದೆ ಅವನಿಗೆ, ಬೇಕಾದಲ್ಲಿ ಇಳಿಸಲು ಬರುವುದಿಲ್ಲ! ಪೆಟ್ಟಿಗೆ ಹೋಗಿ ಬೀಳುವುದು ಶಿಲಾಯುಗದಲ್ಲಿ, ಬೆಂಕಿ ಹೊತ್ತಿಸುವ ವಿದ್ಯೆ ಕಳೆದುಕೊಂಡ ಒಂದು ಬುಡಕಟ್ಟಿನ ನಡುವೆ. ಆ ವಿದ್ಯೆ ಬಲ್ಲ ನಾಯಕ ಮಗನಿಗೆ ಹೇಳಿಕೊಡದೆ ಸತ್ತಿದ್ದಾನೆ. ಮಗ ಜಾ ಬೂದಿಯ ಮುಂದೆ ಕೂತು ಎಲುಬುಗಳನ್ನು ಉಜ್ಜುತ್ತಾನೆ, ಕೈ ಆಡಿಸುತ್ತಾನೆ, ಬೇಡಿಕೊಳ್ಳುತ್ತಾನೆ. ಏನೂ ಹೊತ್ತುವುದಿಲ್ಲ. ಪ್ರತಿಸ್ಪರ್ಧಿ ಕಾಲ್, ಪೈಪ್ ಹಚ್ಚುತ್ತಿದ್ದ ಡಾಕ್ಟರನ ಬೆರಳಲ್ಲಿ ಬೆಂಕಿ ಕಂಡು ಅವನನ್ನು ಹೊತ್ತೊಯ್ಯುತ್ತಾನೆ. ಬೆಂಕಿಪೊಟ್ಟಣ ದಾರಿಯಲ್ಲಿ ಬಿದ್ದುಹೋಗಿರುತ್ತದೆ. ನಕ್ಷತ್ರಗಳ ನಡುವೆ ಓಡಾಡುವವನು ಒಂದು ಕಡ್ಡಿ ಗೀರಲಾರದೆ ಗುಹೆಯ ನೆಲದಲ್ಲಿ ಕೈಕಾಲು ಕಟ್ಟಿಸಿಕೊಂಡು ಬಿದ್ದಿರುತ್ತಾನೆ.

ಈ ಮೂರು ಕಂತು ಬೇಸರ, ಮೊದಲನೆಯದಷ್ಟೇ ಮುತ್ತು ಎನ್ನುವುದು ಅಭಿಮಾನಿಗಳಲ್ಲಿ ಬಳಕೆಯ ಮಾತು. ಕೇಂಬ್ರಿಜ್ ಪದವೀಧರರಾದ ಹುಸೇನರಿಗೂ ಚರ್ಮ ಸುತ್ತಿಕೊಂಡು ಗುರ್ ಎನ್ನುವ ಜನರನ್ನು ನಿರ್ದೇಶಿಸಬೇಕಲ್ಲ ಎಂಬ ಕಸಿವಿಸಿ ಇತ್ತೆಂದು ಮುಂದೆ ಅವರೇ ನಗುತ್ತಾ ಹೇಳಿದ್ದಾರೆ. ನಾನು ಒಪ್ಪುವುದಿಲ್ಲ. ಒಂದು ದೃಶ್ಯ ನೋಡಿ. ತಪ್ಪಿಸಿಕೊಂಡು ಕಾಡಿನಲ್ಲಿ ಓಡುತ್ತಿದ್ದಾರೆ, ಅಟ್ಟಿಸಿಕೊಂಡು ಬಂದ ಜಾನನ್ನು ಮೃಗವೊಂದು ಸಿಗಿದುಹಾಕಿದೆ. ಬಾರ್ಬರಾ, ಇಯಾನ್ ವೈರಿಯೆಂದು ನೋಡದೆ ಅವನ ಗಾಯ ತೊಳೆಯುತ್ತಾರೆ. ಡಾಕ್ಟರ್ ಹಿಂದೆ ನಿಂತು ಚಡಪಡಿಸುತ್ತಾನೆ. ಮೆಲ್ಲನೆ ಒಂದು ಚೂಪು ಕಲ್ಲು ಕೈಗೆತ್ತಿಕೊಳ್ಳುತ್ತಾನೆ. ಇಯಾನ್ ಮಣಿಕಟ್ಟು ಹಿಡಿದು ಏನು ಮಾಡುತ್ತಿದ್ದೀರಿ ಎಂದರೆ, ಯಂತ್ರದ ದಾರಿ ನೆಲದ ಮೇಲೆ ಬರೆದು ತೋರಿಸಲಿ ಎಂದು ಅಷ್ಟೆ ಎನ್ನುತ್ತಾನೆ. ಆ ಮಾತನ್ನು ಯಾರೂ ನಂಬುವುದಿಲ್ಲ, ನಾವೂ ನಂಬುವುದಿಲ್ಲ. ಮಕ್ಕಳ ಧಾರಾವಾಹಿಯ ನಾಯಕ, ಮೂರನೇ ಕಂತಿನಲ್ಲಿ, ಗಾಯಗೊಂಡವನ ತಲೆ ಜಜ್ಜಲು ಹೊರಟಿದ್ದ! ಮುಂದೆ ದಶಕಗಳ ಕಾಲ ದಯೆಯ ಮೂರ್ತಿಯಾಗಿ ಬೆಳೆಯುವ ಪಾತ್ರ ಶುರುವಾದದ್ದು ಈ ಕಲ್ಲಿನಿಂದ. ಅವನಿಗೆ ಮನುಷ್ಯತ್ವ ಕಲಿಸಿದವರು ಇಬ್ಬರು ಶಾಲಾ ಮೇಷ್ಟ್ರುಗಳು.

ಮರುಗಳಿಗೆಯಲ್ಲೇ ಅವನ ಬುದ್ಧಿಯ ಬೆಳಕೂ ಕಾಣುತ್ತದೆ. ಮುದುಕಿಯೊಬ್ಬಳ ಕೊಲೆಯಾಗಿದೆ, ಕಾಲ್ ಅದನ್ನು ಜಾನ ತಲೆಗೆ ಕಟ್ಟುತ್ತಿದ್ದಾನೆ. ಡಾಕ್ಟರ್ ಜಾನ ಚಾಕು ತಿರುಗಿಸಿ ನೋಡಿ, ಇದರ ಮೇಲೆ ರಕ್ತವೇ ಇಲ್ಲ ಎನ್ನುತ್ತಾನೆ. ಅದು ಕೆಟ್ಟ ಚಾಕು, ಮಾಡಿದ್ದನ್ನು ತೋರಿಸುವುದಿಲ್ಲ ಎನ್ನುತ್ತಾನೆ ಕಾಲ್. ನಿನ್ನದಕ್ಕಿಂತ ಇದೇ ವಾಸಿ ಎಂದು ಡಾಕ್ಟರ್ ಕೆಣಕುತ್ತಾನೆ. ಹೆಮ್ಮೆಗೆ ಪೆಟ್ಟು ಬಿದ್ದ ಕಾಲ್, ನನ್ನದು ನೋಡು ಎಂದು ಹಿರಿದು ಎತ್ತಿ ಹಿಡಿಯುತ್ತಾನೆ. ರಕ್ತ! ಎರಡೇ ನಿಮಿಷದ ಪತ್ತೇದಾರಿ.

ಚಳಿಯಲ್ಲಿ ನಡುಗುತ್ತಾ ಬೆಂಕಿಗಾಗಿ ಹಂಬಲಿಸುವ ಇದನ್ನೆಲ್ಲ, ಛಾವಣಿಯ ಕೊಳವೆ ತಾನಾಗಿ ನೀರು ಸುರಿಸುವಷ್ಟು ಕಾದ ಕೋಣೆಯಲ್ಲಿ, ಚರ್ಮದ ಹೊದಿಕೆ ಸುತ್ತಿಕೊಂಡು ಆಡಿದರು ಎಂದು ನೆನೆದರೆ ಆ ನಟರಿಗೆ ಕೈಮುಗಿಯಬೇಕು.

ಪ್ರಸಾರಕ್ಕೆ ಗೊತ್ತು ಮಾಡಿದ್ದು 1963ರ ನವೆಂಬರ್ 23, ಶನಿವಾರ, ಸಂಜೆ ಐದೂಕಾಲು. ಹಿಂದಿನ ಸಂಜೆ ಡಲ್ಲಾಸ್‌ನಿಂದ ಸುದ್ದಿ ಬಂತು: ಅಧ್ಯಕ್ಷ ಕೆನಡಿಯ ಹತ್ಯೆ. ಜಗತ್ತು ದಿಗ್ಭ್ರಮೆಯಲ್ಲಿತ್ತು. ನಿಗದಿಗಿಂತ ಒಂದು ನಿಮಿಷದ ಮೇಲೆ ಚೂರು ತಡವಾಗಿ ಕಂತು ಶುರುವಾಯಿತು. ನೋಡಿದವರು ಸುಮಾರು 44 ಲಕ್ಷ. ಕೆಲವೆಡೆ ಕರೆಂಟೂ ಹೋಗಿತ್ತು. ಹಾಗಾಗಿ ಮುಂದಿನ ಶನಿವಾರ ಎರಡನೆಯದಕ್ಕೆ ಮೊದಲು ಮೊದಲನೆಯದನ್ನೇ ಇನ್ನೊಮ್ಮೆ ಹಾಕಿದರು. ಆಗ 60 ಲಕ್ಷ. ನಾಲ್ಕನೇ ಕಂತಿನ ಕಡೆಯಲ್ಲಿ ಯಂತ್ರ ಇನ್ನೆಲ್ಲೋ ಇಳಿಯುತ್ತದೆ, ವಿಕಿರಣದ ಮಾಪಕ ಸುರಕ್ಷಿತ ಎನ್ನುತ್ತದೆ, ಎಲ್ಲರೂ ಆ ಕಡೆ ತಿರುಗಿದ ಮೇಲೆ ಮುಳ್ಳು ಸದ್ದಿಲ್ಲದೆ ಅಪಾಯದ ಕಡೆ ಜಾರುತ್ತದೆ. ಆ ಗ್ರಹದಲ್ಲಿ ಕಾದಿದ್ದವು ಡಾಲೆಕ್‌ಗಳು. ಉಬ್ಬುಗಣ್ಣಿನ ರಾಕ್ಷಸರು ನನಗೆ ಬೇಡವೇ ಬೇಡ ಎಂದು ನ್ಯೂಮನ್ ಅಪ್ಪಣೆ ಮಾಡಿದ್ದ, ಲ್ಯಾಂಬರ್ಟ್ ಕೇಳಲಿಲ್ಲ, ಕೆಲವೇ ವಾರದಲ್ಲಿ ಬ್ರಿಟನ್ನಿನ ಮಕ್ಕಳೆಲ್ಲ ಡಾಲೆಕ್‌ಗಳಾಗಿ ಕೈಚಾಚಿ ಅರಚುತ್ತಾ ಓಡಾಡತೊಡಗಿದರು.

ಈ ನಾಲ್ಕು ಕಂತು ಇಂದು ನಮ್ಮ ಕಣ್ಣಿಗೆ ಸಿಗುತ್ತಿರುವುದೇ ಒಂದು ಪವಾಡ. ಟೇಪು ದುಬಾರಿ, ಜಾಗ ಕಡಿಮೆ, ಹಳೆಯದನ್ನು ಮತ್ತೆ ಯಾರು ನೋಡುತ್ತಾರೆ ಎಂದು ಬಿಬಿಸಿ ಸಾಲುಸಾಲಾಗಿ ಅಳಿಸಿಹಾಕಿತು. ಉಳಿದವು ಉಳಿದದ್ದು ಹೊರದೇಶಗಳಿಗೆ ಮಾರಲೆಂದು 16 ಮಿಲಿಮೀಟರ್ ಫಿಲ್ಮಿಗೆ ಇಳಿಸಿದ್ದರಿಂದ. 2013ರಲ್ಲಿ ನೈಜೀರಿಯಾದ ಜೋಸ್ ಊರಿನಲ್ಲಿ ಡಬ್ಬಿಗಳ ನಡುವೆ, ಕಳೆದೇಹೋಗಿದ್ದ ಒಂಬತ್ತು ಕಂತುಗಳು ಸಿಕ್ಕ ಸುದ್ದಿ ಕೇಳಿ ನಾನಂತೂ ಕುಣಿದಿದ್ದೆ. ತಮಾಷೆಯೆಂದರೆ, ಅರವತ್ತನೇ ವರ್ಷಕ್ಕೆ ಬಿಬಿಸಿ ತನ್ನಲ್ಲಿ ಉಳಿದ ಹಳೇ ಕಂತುಗಳನ್ನೆಲ್ಲ ತನ್ನ ಆನ್‌ಲೈನ್ ವೇದಿಕೆಗೆ ಏರಿಸಿದಾಗ ಈ ಮೊದಲ ಕಥೆಯೇ ಅಲ್ಲಿರಲಿಲ್ಲ. ಲೇಖಕನ ಕುಟುಂಬದ ಕಡೆಯಿಂದ ಹಕ್ಕು ದಕ್ಕಿರಲಿಲ್ಲ. ಅದಕ್ಕೆ ಹತ್ತು ವರ್ಷ ಮೊದಲು, ಐವತ್ತನೇ ವರ್ಷದ ಹೆಸರಲ್ಲಿ ಬಂದ ‘ಆ್ಯನ್ ಅಡ್ವೆಂಚರ್ ಇನ್ ಸ್ಪೇಸ್ ಆ್ಯಂಡ್ ಟೈಮ್’ ಎಂಬ ಟೀವಿ ಚಿತ್ರದಲ್ಲಿ ವಾರಿಸ್ ಹುಸೇನರ ಪಾತ್ರ ಮಾಡಿದವನು ಭಾರತೀಯ ಮೂಲದ ಸಾಶಾ ಧವನ್. 2020ರಲ್ಲಿ ಅವನೇ ಡಾಕ್ಟರನ ಬದ್ಧವೈರಿ ‘ಮಾಸ್ಟರ್’ ಆಗಿ ಮೂಲ ಸರಣಿಯೊಳಗೇ ಬಂದ!

ಹುಸೇನರ ಇನ್ನೊಂದು ಕಥೆ, 1964ರ ‘ಮಾರ್ಕೋ ಪೋಲೋ’. ಏಳು ಕಂತು, ನಡುವಿನ ಒಂದು ಬಿಟ್ಟರೆ ಆರೂ ಅವರವೇ. ಏಳೂ ಅಳಿಸಿಹೋಗಿವೆ. ಆದರೆ ಟೀವಿಯ ಮುಂದೆ ಮೈಕು ಹಿಡಿದು ಸದ್ದು ದಾಖಲಿಸಿಕೊಂಡ ಹುಡುಗರಿದ್ದರು. ಪರದೆಯಿಂದಲೇ ಫೋಟೋ ತೆಗೆದು ಕಲಾವಿದರಿಗೆ ಮಾರುತ್ತಿದ್ದ ಜಾನ್ ಕ್ಯುರಾ ಎಂಬಾತನಿದ್ದ. ಆ ಆರು ಕಂತುಗಳ ಪುಟ್ಟ ಪುಟ್ಟ ಫೋಟೋಗಳು ವರ್ಷಾಂತರದ ಮೇಲೆ ಹುಸೇನರ ಬಳಿಯೇ ಸಿಕ್ಕವು. ಈಗ ನಾನು ಆ ಫೋಟೋಗಳನ್ನು ಒಂದೊಂದಾಗಿ ಸರಿಸುತ್ತಾ ಸದ್ದು ಕೇಳುತ್ತಿದ್ದೇನೆ. ಕುಬ್ಲಾಯ್ ಖಾನನ ಅರಮನೆಗೆ ಬಂದಿದ್ದೇನೆ. ಸೊಂಟನೋವಿನ ಇಬ್ಬರು ಮುದುಕರು, ಚಕ್ರವರ್ತಿ ಮತ್ತು ಡಾಕ್ಟರ್, ಬ್ಯಾಕ್‌ಗ್ಯಾಮನ್ ಹಾಸು ಹಾಸಿ ದಾಳ ಉರುಳಿಸುತ್ತಿದ್ದಾರೆ. ಡಾಕ್ಟರ್ ಗೆಲ್ಲುತ್ತಲೇ ಹೋಗಿದ್ದಾನೆ: ಅಂಬಾರಿ ಸಮೇತ 35 ಆನೆ, 4000 ಬಿಳಿ ಕುದುರೆ, 25 ಹುಲಿ, ಭಾರತದಿಂದ ಮಾರ್ಕೋ ಪೋಲೋ ತಂದುಕೊಟ್ಟ ಬುದ್ಧನ ಹಲ್ಲು, ಮೇಲೆ ಬರ್ಮಾದ ಒಂದು ವರ್ಷದ ವ್ಯಾಪಾರವೆಲ್ಲ. ಇಷ್ಟನ್ನೂ ಒಟ್ಟಿಗೆ ಪಣಕ್ಕಿಟ್ಟು ತನ್ನ ಕಾಲಯಂತ್ರದ ಪೆಟ್ಟಿಗೆ ವಾಪಸು ಕೇಳಿದ್ದಾನೆ ಧರ್ಮರಾಯ. ದಾಳ ಬಿತ್ತು, ಎಲ್ಲವೂ ಹೋಯಿತು.